ಮಳೆ ಗೊತ್ತಿರುವವರು ಐಸ್‌ಲ್ಯಾಂಡಿಗೆ ಹೊರಟಾಗ

ಮಳೆ ವಿಷಯದಲ್ಲಿ ಕೊಡಗಿನವರಿಗೆ ಯಾರೂ ಪಾಠ ಹೇಳಬೇಕಿಲ್ಲ ಅನ್ನೋದು ನಮ್ಮಲ್ಲಿ ಎಲ್ಲರ ನಂಬಿಕೆ. ಸೋಮವಾರಪೇಟೆಯಲ್ಲಿ ಇಬ್ಬರು ಬೆಳೆಗಾರರು ಎದುರಾದರೆ ಮೊದಲ ಮಾತು 'ಹೇಗಿದ್ದೀರಿ' ಅಲ್ಲ, 'ನಿಮ್ಮಲ್ಲಿ ಎಷ್ಟಾಯ್ತು?' ಎಷ್ಟು ಅಂದರೆ ಎಷ್ಟು ಇಂಚು, ಎಷ್ಟು ಸೆಂಟು (ಸೆಂಟು ಅಂದರೆ ಇಂಚಿನ ನೂರನೇ ಒಂದು ಭಾಗ). ಸರ್ಕಾರದ ಲೆಕ್ಕವೆಲ್ಲ ಮಿಲಿಮೀಟರಿಗೆ ಹೋಗಿ ಎಷ್ಟೋ ಕಾಲವಾಯಿತು, ತೋಟದವರು ಮಾತ್ರ ಇಂಚು ಬಿಟ್ಟಿಲ್ಲ. ಬೆಳಿಗ್ಗೆ ಕಾಫಿ ಕುಡಿದು ರೈನ್ ಗೇಜ್ ನೋಡಿ ಡೈರಿಯಲ್ಲಿ ಬರೆಯದಿದ್ದರೆ ನಮ್ಮ ಚಿಕ್ಕಪ್ಪನಿಗೆ ತಿಂಡಿ ಇಳಿಯುವುದಿಲ್ಲ. ಅವರ ಬೀರುವಿನಲ್ಲಿ ಹಳೆಯ ಡೈರಿಗಳ ಸಾಲೇ ಇದೆ. ನೂರು ಇಂಚು ದಾಟದ ವರ್ಷವನ್ನು ಅವರು ಬರಗಾಲದ ಪಟ್ಟಿಗೆ ಸೇರಿಸುತ್ತಾರೆ.

ಇಂಥ ಮನೆಯಲ್ಲಿ ಕೂತು, ಐಸ್‌ಲ್ಯಾಂಡಿಗೆ ಚಾರಣಕ್ಕೆ ಹೋಗ್ತೀವಿ, ಅಲ್ಲಿನ ಹವಾಮಾನಕ್ಕೆ ತಯಾರಿ ಮಾಡ್ಕೋಬೇಕು ಅಂದರೆ ಏನು ಉತ್ತರ ಬರುತ್ತದೆ ಹೇಳಿ. 'ಮಳೇಲಿ ನೆನೆಯೋಕೆ ಅಷ್ಟು ದುಡ್ಡು ಖರ್ಚು ಮಾಡಿ ಅಷ್ಟು ದೂರ ಹೋಗ್ಬೇಕೇನೋ? ಜುಲೈಯಲ್ಲಿ ಶಾಂತಳ್ಳಿಗೆ ಹೋಗಿ ನಿಂತ್ಕೋ, ಬಿಟ್ಟಿ ಸಿಗುತ್ತೆ.' ಚಿಕ್ಕಪ್ಪ ಹೇಳಿದ್ದರಲ್ಲಿ ತಪ್ಪೇನಿಲ್ಲ. ಪುಷ್ಪಗಿರಿ ಕಡೆಯಿಂದ ಮಳೆ ಇಳಿದು ಬರುವಾಗ ಶಾಂತಳ್ಳಿಯಲ್ಲಿ ಎದುರಿಗಿರುವ ಎಮ್ಮೆಯೂ ಕಾಣುವುದಿಲ್ಲ.

ಹೊರಟಿದ್ದು ಮೂವರು. ಚಿಕ್ಕಪ್ಪನ ಮಗ, ಯುರೋಪಿನಲ್ಲಿ ಕೆಲಸ ಮಾಡುವವನು. ನನ್ನ ಗೆಳೆಯ, ಕುಶಾಲನಗರದಲ್ಲಿ ಹೈಸ್ಕೂಲಿಗೆ ವಿಜ್ಞಾನ ಹೇಳುವ ಮೇಷ್ಟ್ರು. ಜೊತೆಗೆ ನಾನು. ದಾರಿ ಆಯ್ಕೆ ಮಾಡಿದ್ದು ಚಿಕ್ಕಪ್ಪನ ಮಗ, ನನ್ನ ತಮ್ಮ. ಐಸ್‌ಲ್ಯಾಂಡಿನ ದಕ್ಷಿಣದ ಎತ್ತರದ ಪ್ರದೇಶದಲ್ಲಿ ಲಾಂಡ್‌ಮನ್ನಲಾಯ್ಗರ್ ಎಂಬ ಬಿಸಿನೀರಿನ ಬುಗ್ಗೆಗಳ ಜಾಗದಿಂದ ಥೋರ್ಸ್‌ಮೋರ್ಕ್ ಕಣಿವೆಯವರೆಗೆ ಸುಮಾರು 55 ಕಿ.ಮೀ. ಇರುವ ಲಾಯ್ಗಾವೇಗುರ್ ಹಾದಿ. ಸಾಮಾನ್ಯವಾಗಿ ನಾಲ್ಕು ದಿನದಲ್ಲಿ ನಡೆಯುತ್ತಾರೆ. ಜೂನ್ ಕೊನೆಯಿಂದ ಸೆಪ್ಟೆಂಬರ್ ನಡುವಿನವರೆಗೆ ಮಾತ್ರ ಸಲೀಸು. ಎತ್ತರ ಕೇಳಿದರೆ ನಗು ಬರುತ್ತದೆ. ಅತಿ ಎತ್ತರದ ಜಾಗವೇ ಸಾವಿರ ಮೀಟರಿನ ಸ್ವಲ್ಪ ಮೇಲೆ. ನಮ್ಮ ತಡಿಯಂಡಮೋಳ್ ಬೆಟ್ಟ 1,748 ಮೀಟರ್. ಮಡಿಕೇರಿ ಪೇಟೆಯೇ ಆ ಹಾದಿಗಿಂತ ಮೇಲಿದೆ.

ಅಂದಮೇಲೆ ಭಯ ಯಾಕೆ? ಮೇಷ್ಟ್ರು ಒಂದು ಸಂಜೆ ಚಿಕ್ಕಪ್ಪನ ಡೈರಿ ಪಕ್ಕದಲ್ಲಿಟ್ಟುಕೊಂಡು ಐಸ್‌ಲ್ಯಾಂಡಿನ ಲೆಕ್ಕ ತೆಗೆದರು. ರೇಕ್ಯಾವಿಕ್ ಪಟ್ಟಣದಲ್ಲಿ ವರ್ಷಪೂರ್ತಿ ಬೀಳುವ ಮಳೆ 35 ಇಂಚಿನ ಆಸುಪಾಸು. ಚಿಕ್ಕಪ್ಪ ನಕ್ಕೇ ನಕ್ಕರು. ಅದು ನಮ್ಮಲ್ಲಿ ಒಂದು ಜುಲೈ ತಿಂಗಳ ಮಳೆ. 'ಹಾಗಾದ್ರೆ ನಾನೂ ಬರ್ತೀನಿ ಬಿಡಿ' ಅಂದರು.

ಮೇಷ್ಟ್ರು ನಗಲಿಲ್ಲ. ಅವರು ಹೇಳಿದ ಮಾತು ಇಷ್ಟು: 'ನಿಮ್ಮ ಡೈರೀಲಿ ಮಳೆ ಎಷ್ಟು ಅಂತ ಇದೆ. ಯಾವಾಗ ಅಂತ ನೀವು ಬರೆಯೋದೇ ಇಲ್ಲ. ಯಾಕಂದ್ರೆ ನಿಮಗೆ ಅದು ಮೊದಲೇ ಗೊತ್ತು.'

ನಿಜ ಅಲ್ವಾ? ನಮ್ಮ ಮಳೆಗಾಲ ಜೋರು, ಆದರೆ ಹೇಳಿ ಬರುವ ನೆಂಟ. ಮೃಗಶಿರಕ್ಕೆ ಶುರು, ಆರಿದ್ರಕ್ಕೆ ಹಿಡಿತ, ಪುನರ್ವಸು ಪುಷ್ಯದಲ್ಲಿ ಮನೆಯಿಂದ ಹೊರಗೆ ಕಾಲಿಡುವಂತಿಲ್ಲ. ಮೇ ತಿಂಗಳಲ್ಲೇ ಸೌದೆ ಒಳಗೆ ಸೇರಿರುತ್ತದೆ. ಹಪ್ಪಳ, ಉಪ್ಪಿನಕಾಯಿ ಮುಗಿದಿರುತ್ತದೆ. ಚರಂಡಿ ಬಿಡಿಸಿ ಆಗಿರುತ್ತದೆ. ಬಂದಮೇಲೆ ಅದು ಹೋಗುವುದಿಲ್ಲ. ಹೋಗದ ಮಳೆಗೆ ತಯಾರಾಗುವುದು ಸುಲಭ, ಗಂಬೂಟು ಹಾಕಿಕೊಂಡರೆ ಸೆಪ್ಟೆಂಬರಿಗೆ ಬಿಚ್ಚಿದರಾಯಿತು. ಇನ್ನೊಂದು ಮಾತು, ನಮ್ಮ ಮಳೆ ಅಷ್ಟೊಂದು ತಣ್ಣಗಿಲ್ಲ. ಜುಲೈಯಲ್ಲಿ ಮಡಿಕೇರಿಯಲ್ಲಿ 17-18 ಡಿಗ್ರಿಗಿಂತ ಕೆಳಗೆ ಇಳಿಯುವುದು ಅಪರೂಪ. ನೆಂದರೆ ನೆಂದೆವು. ಮನೆಗೆ ಬಂದು ಬಚ್ಚಲ ಒಲೆ ಮುಂದೆ ನಿಂತರೆ ಮುಗಿಯಿತು.

ಐಸ್‌ಲ್ಯಾಂಡಿನ ಸಮಸ್ಯೆಯೇ ಬೇರೆ. ಅಟ್ಲಾಂಟಿಕ್ ಸಾಗರದ ಬೆಚ್ಚಗಿನ ಪ್ರವಾಹ ದ್ವೀಪದ ದಕ್ಷಿಣಕ್ಕೆ ತಾಗಿ ಹೋಗುತ್ತದೆ. ಪಕ್ಕದಲ್ಲೇ ಗ್ರೀನ್‌ಲ್ಯಾಂಡಿನ ಹಿಮದ ಮೇಲಿಂದ ಬರುವ ತಣ್ಣನೆ ಗಾಳಿ. ಎರಡೂ ಸೇರುವ ಕಡೆ ವಾಯುಭಾರ ಕುಸಿತಗಳು ಒಂದರ ಹಿಂದೆ ಒಂದು ಹುಟ್ಟಿ ದ್ವೀಪದ ಮೇಲೆ ಹಾದುಹೋಗುತ್ತವೆ. ನಮಗೆ ಬಂಗಾಳ ಕೊಲ್ಲಿಯಲ್ಲಿ ಒಂದು ಕುಸಿತ ಎದ್ದರೆ ಟಿವಿಯವರು ವಾರವಿಡೀ ಕೂಗುತ್ತಾರೆ. ಅವರಿಗೆ ಅದು ದಿನನಿತ್ಯದ ವ್ಯವಹಾರ. ಬೆಳಿಗ್ಗೆ ಬಿಸಿಲು, ಹತ್ತು ಗಂಟೆಗೆ ಅಡ್ಡ ಮಳೆ, ಮಧ್ಯಾಹ್ನ ಆಲಿಕಲ್ಲು, ಸಂಜೆ ಮತ್ತೆ ಬಿಸಿಲು. ಬೇಸಿಗೆಯಲ್ಲೇ ಇದೆಲ್ಲ. ಸಾವಿರ ಮೀಟರ್ ಮೇಲೇರಿದರೆ ಸರಾಸರಿ ಆರೂವರೆ ಡಿಗ್ರಿ ಕಡಿಮೆ. ಕೆಳಗೆ 10 ಡಿಗ್ರಿ ಇದ್ದ ದಿನ ಮೇಲೆ ಮೂರೂವರೆ. ಅಲ್ಲಿ ಬೀಳುವುದು ಮಳೆಯೋ ಹಿಮವೋ ಅನ್ನೋದು ಆ ಗಂಟೆಯ ತೀರ್ಮಾನ.

ಅದಕ್ಕೆ ಗಾಳಿ ಸೇರಿಸಿ. ಅಲ್ಲಿನ ಹವಾಮಾನ ಇಲಾಖೆ ಗಾಳಿಯನ್ನು ಸೆಕೆಂಡಿಗೆ ಇಷ್ಟು ಮೀಟರ್ ಅಂತ ಹೇಳುತ್ತದೆ. 15 ಮೀಟರ್ ಅಂದರೆ ಗಂಟೆಗೆ 54 ಕಿ.ಮೀ. ಗಾಳಿಚಳಿಯ ಸೂತ್ರ ಹಾಕಿ ನೋಡಿದರೆ, 5 ಡಿಗ್ರಿ ಇರುವಾಗ ಇಷ್ಟು ಗಾಳಿ ಬೀಸಿದರೆ ಚರ್ಮಕ್ಕೆ ಸೊನ್ನೆಗಿಂತ ಒಂದೂವರೆ ಡಿಗ್ರಿ ಕೆಳಗಿನ ಚಳಿ ತಾಗುತ್ತದೆ. ಅದೂ ಒಣ ಮೈಗೆ. ಬಟ್ಟೆ ಒದ್ದೆಯಾಗಿದ್ದರೆ ಲೆಕ್ಕವೇ ಬೇರೆ, ಯಾಕೆಂದರೆ ನೀರು ಗಾಳಿಗಿಂತ ಸುಮಾರು 25 ಪಟ್ಟು ವೇಗವಾಗಿ ಶಾಖ ಎಳೆದುಕೊಳ್ಳುತ್ತದೆ. ಮೈಯ ಒಳಗಿನ ಶಾಖ 35 ಡಿಗ್ರಿಗಿಂತ ಇಳಿದರೆ ಡಾಕ್ಟರುಗಳು ಹೈಪೊಥರ್ಮಿಯಾ ಅನ್ನುತ್ತಾರೆ. ಇದಕ್ಕೆ ಹಿಮ ಬೇಕಿಲ್ಲ. ಒದ್ದೆ, ಗಾಳಿ, ಸುಸ್ತು ಮೂರೂ ಸೇರಿದರೆ ಸೊನ್ನೆಗಿಂತ ಎಷ್ಟೋ ಮೇಲಿದ್ದಾಗಲೇ ಆಗುತ್ತದೆ. ಮೊದಲು ನಡುಕ. ಆಮೇಲೆ ಬೆರಳು ಮಾತು ಕೇಳುವುದಿಲ್ಲ, ಕಾಲು ಎಡವುತ್ತದೆ, ಮಾತು ತೊದಲುತ್ತದೆ, ಸುಮ್ಮಸುಮ್ನೆ ಸಿಟ್ಟು ಬರುತ್ತದೆ. ತೀರಾ ಹೆಚ್ಚಾದಾಗ ನಡುಕವೇ ನಿಂತುಹೋಗುತ್ತದೆ. ಜೊತೆಗಿದ್ದವರು ಅದನ್ನು 'ಪರವಾಗಿಲ್ಲ, ಸುಧಾರಿಸಿಕೊಂಡ' ಅಂತ ತಿಳಿದುಬಿಟ್ಟರೆ ಕಥೆ ಮುಗಿಯಿತು.

ಇದೇ ಹಾದಿಯ ಹ್ರಾಪ್ನ್‌ತಿನ್ನುಸ್ಕೇರ್ ಎಂಬ ಕಡೆ 2004ರ ಜೂನ್ ಕೊನೆಯಲ್ಲಿ ಒಬ್ಬ ಯುವ ಚಾರಣಿಗ ಹಿಮಗಾಳಿಗೆ ಸಿಕ್ಕಿ ತೀರಿಕೊಂಡ. ತಂಗುಮನೆ ಅಲ್ಲಿಂದ ಸುಮಾರು ಒಂದು ಕಿ.ಮೀ. ಅಷ್ಟೇ. ಆ ಜಾಗದಲ್ಲಿ ಈಗ ಕಲ್ಲು ಪೇರಿಸಿ ನೆನಪಿನ ಗುರುತು ಮಾಡಿದ್ದಾರೆ. ಜೂನ್ ಕೊನೆ ಅಂದರೆ ಅಲ್ಲಿ ಕತ್ತಲೇ ಆಗದ ಕಾಲ. ಬೇಸಿಗೆಯ ನಡುಮಧ್ಯೆ. ಇದನ್ನು ಮೇಷ್ಟ್ರು ಓದಿ ಹೇಳಿದ ಮೇಲೆ ಚಿಕ್ಕಪ್ಪ ಇಂಚಿನ ಮಾತು ಎತ್ತಲಿಲ್ಲ.

ತಯಾರಿ ಶುರುವಾಗಿದ್ದು ರೈನ್ ಕೋಟಿನಿಂದ. ಹೊರಡುವ ಹಿಂದಿನ ಮಳೆಗಾಲದಲ್ಲೇ ಜಾಕೆಟ್ ತರಿಸಿಕೊಂಡಿದ್ದೆವು. ನೀರು ಬಿಡದ, ಬೆವರಿನ ಆವಿ ಮಾತ್ರ ಹೊರಗೆ ಬಿಡುವ ಪೊರೆ ಇರುವಂಥವು. ಬೆಲೆ ಹೇಳಿದರೆ ಅಮ್ಮ ಊಟ ಬಿಡುತ್ತಾರೆ, ಅದಕ್ಕೇ ಹೇಳಿಲ್ಲ. ಜಡಿಮಳೆ ಹಿಡಿದಿದ್ದ ಒಂದು ದಿನ ಬೆನ್ನಿಗೆ ಅಕ್ಕಿ ತುಂಬಿದ ಚೀಲ ಹೇರಿಕೊಂಡು ತೋಟದ ಏರಿನಲ್ಲಿ ಹತ್ತಿದೆವು. ಜೇಬಿನಲ್ಲಿ, ಹೆಗಲ ಒಳಭಾಗದಲ್ಲಿ ಮೇಷ್ಟ್ರು ಹಳೆ ಪೇಪರ್ ಮಡಚಿ ಇಡಿಸಿದ್ದರು. ಎಲ್ಲಿ ಸೋರುತ್ತದೆ ಅಂತ ಗೊತ್ತಾಗಲಿ ಅಂತ. ಅರ್ಧ ಗಂಟೆಗೆ ಮೂವರೂ ಒಳಗೆ ತೊಪ್ಪೆ. ತಮ್ಮ ರಜೆಗೆ ಬಂದವನು, 'ಮೋಸ ಹೋದ್ವಿ ಅಣ್ಣ' ಅಂದ. ಪೇಪರ್ ತೆಗೆದು ನೋಡಿದರೆ ಜೇಬಿನದು ಗರಿಗರಿ. ಹೆಗಲ ಹತ್ತಿರ, ಚೀಲದ ಪಟ್ಟಿ ಒತ್ತುವ ಕಡೆ ಮಾತ್ರ ಸ್ವಲ್ಪ ಹಸಿ. ಮಿಕ್ಕಿದ್ದೆಲ್ಲ ನಮ್ಮದೇ ಬೆವರು.

ಕಾರಣ ಸರಳ. ಆವಿ ಹೊರಗೆ ಹೋಗಬೇಕಾದರೆ ಹೊರಗಿನ ಗಾಳಿ ಒಳಗಿನದಕ್ಕಿಂತ ತಣ್ಣಗೆ, ಒಣಗಿರಬೇಕು. ನಮ್ಮ ಜುಲೈಯಲ್ಲಿ ಗಾಳಿಯೇ ನೀರು ಕುಡಿದು ಕೂತಿರುತ್ತದೆ. ಆವಿಗೆ ಹೋಗಲು ಜಾಗವೆಲ್ಲಿ? ಕೆಲಸದವರು ಗೊಬ್ಬರದ ಚೀಲದ ಒಳಗಿನ ಪ್ಲಾಸ್ಟಿಕ್ಕನ್ನು ಕೊಪ್ಪೆ ಮಾಡಿ ತಲೆಗೆ ಹಾಕಿಕೊಳ್ಳುತ್ತಾರಲ್ಲ, ಕೊಡಗಿಗೆ ಅದೇ ಸರಿ. ಕೆಳಗೆಲ್ಲ ತೆರೆದಿರುತ್ತದೆ, ಗಾಳಿ ಆಡುತ್ತದೆ. ಆದರೆ ಆ ಕೊಪ್ಪೆಯನ್ನು ಐಸ್‌ಲ್ಯಾಂಡಿನ ಗಾಳಿ ಮೊದಲ ಬೀಸಿಗೇ ಸಮುದ್ರಕ್ಕೆ ಒಯ್ಯುತ್ತದೆ. ಅಲ್ಲಿನ ತಣ್ಣನೆ ಗಾಳಿಗೆ ಈ ಜಾಕೆಟ್ ಚೆನ್ನಾಗಿಯೇ ಕೆಲಸ ಮಾಡಿತು. ಒಂದು ಊರಿನ ಮಳೆಯಲ್ಲಿ ಪರೀಕ್ಷೆ ಮಾಡಿದ ಸಾಮಾನು ಇನ್ನೊಂದು ಊರಿನ ಮಳೆಗೆ ಪಾಸೋ ಫೇಲೋ ಹೇಳಲು ಬರುವುದಿಲ್ಲ. ಸೋರುವ ಜಾಗ ಮಾತ್ರ ಎಲ್ಲಿ ನೋಡಿದರೂ ತಿಳಿಯುತ್ತದೆ. ಹೊರಬಟ್ಟೆಯ ಮೇಲೆ ನೀರು ಮುತ್ತಾಗಿ ಉರುಳಬೇಕು. ಉರುಳದೆ ಹರಡಿ ಹೀರಿಕೊಂಡರೆ ಮೇಲಿನ ಲೇಪ ಸವೆದಿದೆ ಅಂತ. ಹೊರಡುವ ಮೊದಲು ಲೇಪ ಮತ್ತೆ ಹಾಕಿದೆವು.

ಬಟ್ಟೆ ವಿಷಯದಲ್ಲಿ ಜಾಸ್ತಿ ಹೇಳುವುದಿಲ್ಲ, ಎಲ್ಲ ಕಡೆ ಬರೆದಿರುತ್ತಾರೆ. ಹತ್ತಿ ಬೇಡ. ಒದ್ದೆಯಾದರೆ ಹತ್ತಿ ಬಟ್ಟೆ ಮೈಗಂಟಿಕೊಂಡು ಶಾಖ ಕದಿಯುತ್ತದೆ, ಒಣಗುವುದಿಲ್ಲ. ಉಣ್ಣೆ ಒದ್ದೆಯಾದರೂ ಸ್ವಲ್ಪ ಬೆಚ್ಚಗಿಡುತ್ತದೆ. ಇದು ನಮ್ಮ ಅಜ್ಜಂದಿರಿಗೆ ಗೊತ್ತಿತ್ತು, ಗದ್ದೆಗೆ ಕಂಬಳಿ ಹೊದ್ದು ಹೋಗುತ್ತಿದ್ದರು. ಜೀನ್ಸ್ ಹಾಕಿಕೊಂಡು ಬೆಟ್ಟ ಹತ್ತುವ ಬುದ್ಧಿ ಅವರಿಗಿರಲಿಲ್ಲ. ಇನ್ನು ಮಲಗುವಾಗ ಹಾಕಿಕೊಳ್ಳಲು ಒಂದು ಜೊತೆ ಬಟ್ಟೆ, ಸಾಕ್ಸು ಪ್ಲಾಸ್ಟಿಕ್ಕಿನಲ್ಲಿ ಕಟ್ಟಿಟ್ಟು, ಏನೇ ಆದರೂ ಹಗಲು ಅದನ್ನು ಮುಟ್ಟಬಾರದು. ಬೆಳಿಗ್ಗೆ ಎದ್ದು ಮತ್ತೆ ಆ ಒದ್ದೆ ಸಾಕ್ಸಿಗೇ ಕಾಲು ತುರುಕಬೇಕು. ಅದೊಂದು ಶಿಕ್ಷೆ. ಆದರೆ ಜಿಗಣೆ ಇಲ್ಲದ ನಾಡಿನಲ್ಲಿ ನಡೆಯುವ ಸುಖದ ಮುಂದೆ ಏನೂ ಅಲ್ಲ. ಉಪ್ಪು, ಹೊಗೆಸೊಪ್ಪಿನ ಪೊಟ್ಟಣ ಇಲ್ಲದೆ ಬೆಟ್ಟಕ್ಕೆ ಹೊರಡುವುದೇ ನನಗೆ ವಿಚಿತ್ರ ಅನ್ನಿಸಿತ್ತು.

ಜಿಪ್ಪುಗಳ ವಿಷಯ ಮಾತ್ರ ಹೇಳಲೇಬೇಕು. ಚಳಿಗೆ ಮರಗಟ್ಟಿದ ಬೆರಳಿಗೆ, ಅದೂ ದಪ್ಪ ಕೈಗವಸು ಹಾಕಿದಾಗ, ಜಿಪ್ಪಿನ ಆ ಚಿಕ್ಕ ನಾಲಿಗೆ ಸಿಗುವುದೇ ಇಲ್ಲ. ಜಾಕೆಟ್ಟು ಚೀಲದಲ್ಲೇ ಇದ್ದು ಹೊರಗೆ ಬಾರದಿದ್ದರೆ ಇದ್ದೂ ಇಲ್ಲದ ಹಾಗೆ. ಅಮ್ಮ ಕಾಫಿ ಚೀಲ ಹೊಲಿಯುವ ಗೋಣಿದಾರ ತಂದು ಪ್ರತಿ ಜಿಪ್ಪಿಗೂ ಬೆರಳು ತೂರುವಷ್ಟು ದೊಡ್ಡ ಕುಣಿಕೆ ಕಟ್ಟಿಕೊಟ್ಟರು. ಚೀಲದ್ದು, ಜಾಕೆಟ್ಟಿನದು, ಪ್ಯಾಂಟಿನದು, ಎಲ್ಲಕ್ಕೂ. ವಿಮಾನ ನಿಲ್ದಾಣದಲ್ಲಿ ನಮ್ಮ ಚೀಲಗಳು ದೂರದಿಂದಲೇ ಗುರುತು ಸಿಗುತ್ತಿದ್ದವು. ಆ ದಾರದಷ್ಟು ಉಪಯೋಗಕ್ಕೆ ಬಂದ ಸಾಮಾನು ಇನ್ನೊಂದಿಲ್ಲ. ತಿನ್ನುವುದೂ ಹಾಗೇ. ಕೈಗವಸಿನಲ್ಲೇ ಹಿಡಿದು ಕಚ್ಚುವಂಥದ್ದಾಗಬೇಕು. ಕಡಲೆ ಚಿಕ್ಕಿ, ಎಳ್ಳುಂಡೆ ಮಾಡಿಸಿಕೊಂಡೆವು. ಚಿಕ್ಕಪ್ಪ ಒಣಗಿಸಿದ ಹಂದಿ ಮಾಂಸ ಕಟ್ಟಿಕೊಡಲು ಬಂದಿದ್ದರು. ಬೇಯಿಸದ ಮಾಂಸ ಆ ದೇಶಕ್ಕೆ ತರುವ ಹಾಗಿಲ್ಲ ಅಂದಾಗ, ಇದೆಂಥ ದೇಶ ಅನ್ನುವ ಹಾಗೆ ನೋಡಿದರು.

ಸಾಮಾನು ಇಷ್ಟಾಯಿತು. ಆದರೆ ಹೇಳದೆ ಬರುವ ಹವೆಗೆ ಸಾಮಾನಿನಿಂದ ಅರ್ಧ ಉತ್ತರ ಸಿಗುತ್ತದೆ ಅಷ್ಟೇ. ಉಳಿದರ್ಧ ನಮ್ಮವರಿಗೆ ಗೊತ್ತು, ಆದರೆ ಗೊತ್ತಿರುವುದು ಮಳೆಗಾಲದಿಂದಲ್ಲ, ಕಾಫಿ ಕೊಯ್ಲಿನಿಂದ ಅಂತ ನನಗೆ ಅನ್ನಿಸುತ್ತದೆ.

ಡಿಸೆಂಬರ್, ಜನವರಿ. ಕಣದಲ್ಲಿ ಕಾಫಿ ಹರಡಿದೆ. ಆಕಾಶ ತೊಳೆದಿಟ್ಟ ಹಾಗಿದೆ. ಈಗೀಗ ಕೊಯ್ಲಿನ ಕಾಲದಲ್ಲೇ ಅಕಾಲದ ಮಳೆ ಬರುವುದು ಮಾಮೂಲಾಗಿದೆ. ಬಂಗಾಳ ಕೊಲ್ಲಿಯಲ್ಲಿ ಏನೋ ಎದ್ದರೆ ಇಲ್ಲಿ ಒಂದು ರಾತ್ರಿ ಸುರಿದು ಹೋಗುತ್ತದೆ, ವರ್ಷದ ಬೆಳೆ ಕಪ್ಪಾಗುತ್ತದೆ. ಈ ಮಳೆ ಯಾವ ನಕ್ಷತ್ರದ ಲೆಕ್ಕಕ್ಕೂ ಸಿಗುವುದಿಲ್ಲ. ಹಾಗಂತ ಚಿಕ್ಕಪ್ಪ ಆಕಾಶ ನೋಡಿಕೊಂಡು ಕೂರುತ್ತಾರಾ? ಇಲ್ಲ. ಮಧ್ಯಾಹ್ನ ಮೂರೂವರೆ, ನಾಲ್ಕಕ್ಕೆ ಕಾಫಿ ಗುಡ್ಡೆ ಹಾಕಿಸಿ ಟಾರ್ಪಾಲು ಮುಚ್ಚಿಸುತ್ತಾರೆ. ಬಿಸಿಲು ಕಾಯುತ್ತಿದ್ದರೂ ಅಷ್ಟೇ. ಟಾರ್ಪಾಲು ಗೋಡೌನಿನಲ್ಲಿರುವುದಿಲ್ಲ, ಕಣದ ಅಂಚಿನಲ್ಲೇ ಮಡಚಿಟ್ಟಿರುತ್ತದೆ. ಮೇಲಿಡುವ ಕಲ್ಲು ಪಕ್ಕದಲ್ಲಿರುತ್ತದೆ. ನಡುರಾತ್ರಿ ಗುಡುಗಿದರೆ ಯಾರು ಯಾವ ಮೂಲೆ ಹಿಡಿಯಬೇಕು ಅಂತ ಮೊದಲೇ ತೀರ್ಮಾನವಾಗಿದೆ. ಆ ಹೊತ್ತಿಗೆ ಚರ್ಚೆ ಇಲ್ಲ. ಮುಚ್ಚಿದ ರಾತ್ರಿ ಮಳೆ ಬಾರದಿದ್ದರೆ 'ಸುಮ್ನೆ ಮುಚ್ಚಿದ್ವಲ್ಲ' ಅಂತ ಯಾರೂ ಹಲುಬುವುದೂ ಇಲ್ಲ.

ನಾವು ಐಸ್‌ಲ್ಯಾಂಡಿಗೆ ಹೊತ್ತೊಯ್ದಿದ್ದು ಈ ಕಣದ ಶಿಸ್ತನ್ನು. ಮಳೆ ಜಾಕೆಟ್ ಚೀಲದ ಬಾಯಲ್ಲಿ, ಎಲ್ಲಕ್ಕಿಂತ ಮೇಲೆ. ಮೊದಲ ಹನಿ ಬಿದ್ದಾಗಲ್ಲ, ಗಾಳಿ ತಿರುಗಿದಾಗಲೇ ಹಾಕಿಕೊಳ್ಳುವುದು. ಹಸಿವಾಗುವ ಮೊದಲೇ ತಿನ್ನುವುದು. ಮೇಷ್ಟ್ರು ಒಂದು ಚೀಟಿಯಲ್ಲಿ ನಾಲ್ಕೈದು ಸಾಲು ಬರೆದು ಮೂವರಿಂದ ಸಹಿ ಹಾಕಿಸಿಕೊಂಡರು, ಶಾಲೆ ಮೇಷ್ಟ್ರಲ್ವಾ. ಗಾಳಿ 15 ಮೀಟರ್ ದಾಟುತ್ತದೆ ಅಂತ ಮುನ್ಸೂಚನೆ ಇದ್ದರೆ ಹೊರಡುವುದಿಲ್ಲ. ದಾರಿ ತೋರಿಸಲು ನೆಟ್ಟ ಮುಂದಿನ ಗೂಟ ಕಾಣದಿದ್ದರೆ ಹಿಂದಿನ ಗೂಟಕ್ಕೆ ವಾಪಸ್. ಯಾರಿಗಾದರೂ ನಡುಕ ಬಂದರೆ ಅವರನ್ನು ಕೇಳದೆ ನಿಲ್ಲುವುದು, ಯಾಕೆಂದರೆ ಆ ಸ್ಥಿತಿಯಲ್ಲಿ ಎಲ್ಲರೂ 'ನನಗೇನಾಗಿಲ್ಲ' ಅಂತಲೇ ಹೇಳುತ್ತಾರೆ. ಮೂವರಲ್ಲಿ ಒಬ್ಬರು ಬೇಡ ಅಂದರೂ ಬೇಡ, ಕಾರಣ ಕೇಳುವ ಹಾಗಿಲ್ಲ. ಇದನ್ನೆಲ್ಲ ಮನೆಯ ಜಗಲಿಯಲ್ಲಿ ಬೆಚ್ಚಗೆ ಕೂತಾಗ ಬರೆದಿದ್ದರಿಂದಲೇ ಅಲ್ಲಿ ಜಗಳವಾಗಲಿಲ್ಲ.

2018ರ ಆಗಸ್ಟ್ ನೋಡಿದವರಿಗೆ ಇದು ಬೇಗ ಅರ್ಥವಾಗುತ್ತದೆ. ಮಕ್ಕಂದೂರು, ಕಾಲೂರು, ಜೋಡುಪಾಲ ಕಡೆ ಗುಡ್ಡ ಜಾರಿದಾಗ ಉಟ್ಟ ಬಟ್ಟೆಯಲ್ಲಿ ಹೊರಟು ಬಂದವರು ಎಷ್ಟೋ ಜನ. ನಮಗೆ ಗೊತ್ತಿರುವ ಮಳೆಯೇ ಗೊತ್ತಿಲ್ಲದ ಹಾಗೆ ನಡೆದುಕೊಂಡ ವರ್ಷ ಅದು. ಅಲ್ಲಿಂದೀಚೆಗೆ ನಮ್ಮ ಮನೆಯಲ್ಲಿ ಜೂನ್ ಬಂದರೆ ದಾಖಲೆ ಪತ್ರ, ಟಾರ್ಚು, ಮಾತ್ರೆ ಇರುವ ಒಂದು ಚೀಲ ಬಾಗಿಲ ಹಿಂದೆ ನೇತಾಡುತ್ತಿರುತ್ತದೆ. ಅಮ್ಮ ಅದನ್ನು ಮಾತಿಲ್ಲದೆ ತೂಗುಹಾಕುತ್ತಾರೆ.

ಕಾಗದಪತ್ರದ ಕಥೆ ಬೇರೆ. ಐಸ್‌ಲ್ಯಾಂಡ್ ಷೆಂಗೆನ್ ಗುಂಪಿನಲ್ಲಿದೆ, ಅಂದರೆ ಒಂದೇ ವೀಸಾದಲ್ಲಿ ಓಡಾಡಬಹುದಾದ ಯುರೋಪಿನ ದೇಶಗಳ ಗುಂಪು. ವೀಸಾಕ್ಕೆ ಯಾವ ರಾತ್ರಿ ಎಲ್ಲಿ ಮಲಗುತ್ತೀರಿ ಅಂತ ಪಟ್ಟಿ ಕೊಡಬೇಕು. ತಂಗುಮನೆಗಳನ್ನು ನಡೆಸುವುದು 1927ರಲ್ಲಿ ಶುರುವಾದ ಐಸ್‌ಲ್ಯಾಂಡಿನ ಪ್ರವಾಸಿ ಸಂಘ. ಅಲ್ಲಿನ ಹಾಸಿಗೆಗಳು ತಿಂಗಳುಗಟ್ಟಲೆ ಮೊದಲೇ ತುಂಬಿರುತ್ತವೆ. ಹವೆ ನೋಡಿ ನಡೆಯಿರಿ ಅಂತ ಎಲ್ಲರೂ ಹೇಳುತ್ತಾರೆ, ತಾರೀಖು ಮಾತ್ರ ಆರು ತಿಂಗಳು ಮೊದಲೇ ಹೇಳಬೇಕು. ಇದಕ್ಕೆ ಮದ್ದು ಒಂದೇ, ನಡಿಗೆಯ ಹಿಂದೆ ಮುಂದೆ ಖಾಲಿ ದಿನಗಳನ್ನು ಇಟ್ಟುಕೊಳ್ಳುವುದು. ಆ ಖಾಲಿ ದಿನಗಳಿಗೆ ರೇಕ್ಯಾವಿಕ್‌ನಲ್ಲಿ ತೆತ್ತ ಬಾಡಿಗೆ ನೆನೆಸಿಕೊಂಡರೆ ಈಗಲೂ ಹೊಟ್ಟೆ ಉರಿಯುತ್ತದೆ. ಆದರೂ ಇಡೀ ಬಜೆಟ್ಟಿನಲ್ಲಿ ಕಡಿಮೆ ಮಾಡಬಾರದ ಖರ್ಚು ಅದೊಂದೇ ಅನ್ನುತ್ತೇನೆ. ಖಾಲಿ ದಿನ ಇಲ್ಲದವನು ಕೆಟ್ಟ ಹವೆಯಲ್ಲೂ ಹೊರಡುತ್ತಾನೆ. ಷೆಂಗೆನ್ ವೀಸಾಕ್ಕೆ ಕನಿಷ್ಠ 30,000 ಯೂರೋ ವೈದ್ಯಕೀಯ ವಿಮೆ ಹೇಗೂ ಬೇಕು. ಅದರಲ್ಲಿ ಚಾರಣ ಸೇರಿದೆಯಾ ಅಂತ ಸಣ್ಣಕ್ಷರದಲ್ಲಿ ಓದಿಕೊಳ್ಳುವುದು ಒಳ್ಳೆಯದು.

ನಡಿಗೆ ಹೇಗಿತ್ತು ಅಂತ ಕೇಳಿದವರಿಗೆಲ್ಲ ಮೊದಲ ದಿನದ ಬಣ್ಣದ ಗುಡ್ಡಗಳ ಫೋಟೋ ತೋರಿಸುತ್ತೇನೆ. ಹಳದಿ, ಗುಲಾಬಿ, ಹಸಿರು ಮಣ್ಣು, ನಡುವೆ ಹೊಗೆಯಾಡುವ ಬಿಲಗಳು. ಬಿಸಿಲಿತ್ತು, ತಮ್ಮ ಅಂಗಿ ತೋಳು ಮಡಚಿದ್ದ. ಅದಾಗಿ ಎರಡು ಗಂಟೆಯಲ್ಲಿ ಹ್ರಾಪ್ನ್‌ತಿನ್ನುಸ್ಕೇರ್ ಹತ್ತಿರ ಜುಲೈಯ ಹಿಮದ ಮೇಲೆ ಮಂಜು ಇಳಿಯಿತು. ನೆಲ ಬಿಳಿ, ಆಕಾಶ ಬಿಳಿ, ನಡುವೆ ದಾರಿ ತೋರಿಸುವ ಮರದ ಗೂಟಗಳು. ಮಡಿಕೇರಿಯ ಮಂಜಿನಲ್ಲಿ ಬಸ್ ಓಡಿಸುವವರನ್ನು ನೋಡಿ ಬೆಳೆದವನು ನಾನು, ಆದರೆ ಅಲ್ಲಿ ರಸ್ತೆ ಇರುತ್ತದೆ. ಇಲ್ಲಿ ಒಬ್ಬ ಗೂಟದ ಹತ್ತಿರ ನಿಂತು, ಇನ್ನಿಬ್ಬರು ಮುಂದಿನದನ್ನು ಹುಡುಕಿ ಕೂಗು ಹಾಕಿ, ಹಾಗೇ ಸಾಗಿದೆವು. ನಿಧಾನ. ಕಲ್ಲಿನ ಗುರುತು ದಾಟುವಾಗ ಯಾರೂ ಮಾತಾಡಲಿಲ್ಲ, ಫೋಟೋನೂ ತೆಗೆಯಲಿಲ್ಲ.

ಆಲ್ಫ್ತಾವಾತ್ನ್ ಕೆರೆಯ ತಂಗುಮನೆಯಲ್ಲಿ ಮೇಲ್ವಿಚಾರಕಿ ಸಂಜೆ ಮರುದಿನದ ಮುನ್ಸೂಚನೆ ಬರೆದು ಅಂಟಿಸಿದರು. ಗಾಳಿ 18 ಮೀಟರ್. ಮುಂದಿನ ದಾರಿ ಮರವಿಲ್ಲದ ಕಪ್ಪು ಮರಳಿನ ಬಯಲು, ಬಚ್ಚಿಟ್ಟುಕೊಳ್ಳಲು ಒಂದು ಪೊದೆಯೂ ಇಲ್ಲ. ಮೇಷ್ಟ್ರು ಚೀಟಿ ತೆಗೆದು ಮೇಜಿನ ಮೇಲಿಟ್ಟರು, ಏನೂ ಹೇಳಲಿಲ್ಲ. ನಾವು ಉಳಿದುಕೊಂಡೆವು, ಪುಣ್ಯಕ್ಕೆ ಜಾಗ ಸಿಕ್ಕಿತು. ಬೆಳಿಗ್ಗೆ ಒಂದಷ್ಟು ಜನ ಹೊರಟರು. ಕಿಟಕಿಯಿಂದ ನೋಡುತ್ತಿದ್ದೆವು, ಗಾಳಿಗೆ ವಾಲಿಕೊಂಡು ಹೋಗುತ್ತಿದ್ದರು. ಅವರು ಕ್ಷೇಮವಾಗಿಯೇ ತಲುಪಿದರು ಅಂತ ಆಮೇಲೆ ತಿಳಿಯಿತು. ಕಣ್ಣು ಬಾಯಿಗೆಲ್ಲ ಮರಳು ಹೊಡೆಯಿತು, ಅಷ್ಟೇ. ತಮ್ಮನಿಗೆ ಸ್ವಲ್ಪ ಪಿಚ್ಚೆನ್ನಿಸಿತು. ನನಗೇನೂ ಅನ್ನಿಸಲಿಲ್ಲ. ಇಡೀ ದಿನ ಇಸ್ಪೀಟು, ಎಳ್ಳುಂಡೆ. ಒಬ್ಬ ಜರ್ಮನ್ ಅಜ್ಜ ಎಳ್ಳುಂಡೆಗೆ ಬದಲಾಗಿ ಚಾಕೊಲೇಟ್ ಕೊಟ್ಟು ಮೂರು ಸಲ ವ್ಯಾಪಾರ ಮಾಡಿದರು.

ನದಿಗಳ ಬಗ್ಗೆ ನಮಗೆ ಭಯ ಜಾಸ್ತಿ ಇತ್ತು. ನಮ್ಮ ಹೊಳೆಗಳನ್ನು ನೋಡಿದವರಿಗೆ ನೀರಿನ ಮೇಲೆ ಗೌರವ ಇದ್ದೇ ಇರುತ್ತದೆ. ಬ್ಲಾಫ್ಯಾಟ್ಲಾಕ್ವಿಸ್ಲ್ ಎಂಬ ಹೊಳೆಗೆ ಸೇತುವೆ ಇಲ್ಲ. ಹಿಮನದಿ ಕರಗಿ ಬರುವ ನೀರು ಬೆಳಿಗ್ಗೆ ಕಡಿಮೆ ಇರುತ್ತದೆ, ಬಿಸಿಲು ಏರಿದಂತೆ ಏರುತ್ತದೆ. ಮಳೆ ಬಿದ್ದರಂತೂ ಹೇಳುವುದೇ ಬೇಡ. ಬೇಗ ಹೊರಟೆವು. ಕಿರಿದಾದ ಕಡೆ ದಾಟಲು ಸುಲಭ ಅನ್ನಿಸುತ್ತದೆ, ಆದರೆ ಅಲ್ಲೇ ಆಳ, ಸೆಳೆತ. ಅಗಲವಾಗಿ ಕವಲೊಡೆದ ಕಡೆ ನೀರು ತೆಳ್ಳಗೆ ಹರಡಿರುತ್ತದೆ. ಚೀಲದ ಸೊಂಟದ ಪಟ್ಟಿ ಬಿಚ್ಚಿಕೊಳ್ಳಬೇಕು, ಬಿದ್ದರೆ ಚೀಲ ಬಿಟ್ಟು ಏಳುವ ಹಾಗಿರಬೇಕು. ಮೂವರೂ ತೋಳು ಹೆಣೆದುಕೊಂಡು, ನೀರು ಬರುವ ಕಡೆ ಮುಖ ಮಾಡಿ, ಅಡ್ಡಡ್ಡ ಹೆಜ್ಜೆ ಹಾಕಿದೆವು. ಮೊಣಕಾಲು ಮೇಲೆ ನೀರು. ಎಷ್ಟು ತಣ್ಣಗೆ ಅಂದರೆ ಮೊದಲು ಉರಿ, ಆಮೇಲೆ ಕಾಲೇ ಇಲ್ಲ. ಮೇಷ್ಟ್ರು ಜೋರಾಗಿ ಇಪ್ಪತ್ತರ ಮಗ್ಗಿ ಹೇಳುತ್ತಿದ್ದರು, ಹೆಜ್ಜೆಗೊಂದು ಸಾಲು. ಯಾಕೆ ಅಂತ ಕೇಳಿದರೆ, ನಾಲಿಗೆ ತೊದಲಿದರೆ ನಿಮಗೆ ಗೊತ್ತಾಗಲಿ ಅಂತ ಅಂದರು.

ಅಲ್ಲಿನ ರಕ್ಷಣಾ ತಂಡಗಳಲ್ಲಿ ಇರುವವರು ಸ್ವಯಂಸೇವಕರು. ಮೀನು ಹಿಡಿಯುವವರು, ಮೇಷ್ಟರುಗಳು, ಗ್ಯಾರೇಜಿನವರು ತಮ್ಮ ಕೆಲಸ ಬಿಟ್ಟು ಓಡಿಬರಬೇಕು. ಹೊರಡುವ ಮೊದಲು ನಮ್ಮ ದಾರಿ, ತಾರೀಖು ಅವರ ಸೇಫ್‌ಟ್ರಾವೆಲ್ ಜಾಲತಾಣದಲ್ಲಿ ಬರೆದಿಟ್ಟಿದ್ದೆವು, ಫೋನಿನಲ್ಲಿ ಅಲ್ಲಿನ ತುರ್ತು ಸಹಾಯದ 112ರ ಆ್ಯಪ್ ಹಾಕಿಕೊಂಡಿದ್ದೆವು. ಸಿಗ್ನಲ್ ಎಲ್ಲ ಕಡೆ ಇರುವುದಿಲ್ಲ, ಅದನ್ನೇ ನಂಬಿ ಕೂರುವಂತಿಲ್ಲ. ಹೊತ್ತುಕೊಂಡು ಹೋಗಿ ಬಳಸದೆ ವಾಪಸ್ ತಂದ ಸಾಮಾನೂ ಇದೆ. ತುರ್ತಿಗೆ ಒಳಗೆ ತೂರಿಕೊಂಡು ಮಲಗುವ ಕಿತ್ತಳೆ ಬಣ್ಣದ ಚೀಲ ಮಡಿಕೆ ಬಿಚ್ಚಲೇ ಇಲ್ಲ. ಅದನ್ನು ಚಿಕ್ಕಪ್ಪ ಈಗ ಜೀಪಿನಲ್ಲಿಟ್ಟುಕೊಂಡಿದ್ದಾರೆ. ಇನ್ನು ಕೊಡೆ. ಅಭ್ಯಾಸಬಲದಿಂದ ಮೇಷ್ಟ್ರು ಒಂದು ಮಡಚುವ ಕೊಡೆ ತಂದಿದ್ದರು. ರೇಕ್ಯಾವಿಕ್ ಬಸ್ ನಿಲ್ದಾಣದಲ್ಲಿ ಬಿಚ್ಚಿದ್ದಷ್ಟೇ, ಕಡ್ಡಿ ಒಂದು ಕಡೆ ಬಟ್ಟೆ ಒಂದು ಕಡೆ. ಆ ಊರಲ್ಲಿ ಯಾರ ಕೈಯಲ್ಲೂ ಕೊಡೆ ಯಾಕೆ ಕಾಣಲಿಲ್ಲ ಅಂತ ಆಗ ತಿಳಿಯಿತು.

ಈಗ ಮೇಷ್ಟ್ರು ಸ್ವೀಡನ್ನಿನ ಉತ್ತರಕ್ಕೆ, ಕುಂಗ್ಸ್‌ಲೇಡನ್ ಹಾದಿಗೆ ಹೋಗೋಣ ಅನ್ನುತ್ತಿದ್ದಾರೆ. ಅಲ್ಲಿ ಚಳಿ, ಗಾಳಿ ಜೊತೆಗೆ ಸೊಳ್ಳೆಯೂ ಇದೆಯಂತೆ. ಚೀಟಿಗೆ ಹೊಸ ಸಾಲು ಸೇರಿಸಲು ಶುರು ಮಾಡಿದ್ದಾರೆ. ಕೊಯ್ಲು ಮುಗಿಯಲಿ, ಕಾಫಿ ರೇಟು ನೋಡಿಕೊಂಡು ಹೇಳ್ತೀನಿ ಅಂದಿದ್ದೇನೆ.